ಕಥೆಗೆ ಬರೆಯುವ ಚಿತ್ರದ ಗೆರೆ: ನಿಬ್ಬು, ಮಸಿ, ಕಾಗದ ಮತ್ತು ದಿನದ ಅಭ್ಯಾಸ

ಪತ್ರಿಕೆಯಲ್ಲಿ ಕಥೆಯ ಪಕ್ಕ ಅಚ್ಚಾಗುವ ಕಪ್ಪುಬಿಳುಪು ರೇಖಾಚಿತ್ರವನ್ನು ಹತ್ತಿರದಿಂದ ನೋಡಿ. ಅದರಲ್ಲಿ ಬೂದು ಬಣ್ಣವೇ ಇಲ್ಲ. ಮುದುಕಿಯ ಕೆನ್ನೆಯ ಸುಕ್ಕು, ಸೆರಗಿನ ನೆರಿಗೆ, ಮೋಡ ಕವಿದ ಆಕಾಶ ಎಲ್ಲವೂ ಕಪ್ಪು ಗೆರೆ ಮತ್ತು ಗೆರೆಗಳ ನಡುವೆ ಬಿಟ್ಟ ಬಿಳಿಯಿಂದಲೇ ಆಗಿವೆ. ಗೆರೆ ಎಷ್ಟು ದಪ್ಪ, ಪಕ್ಕದ ಗೆರೆ ಎಷ್ಟು ದೂರ ಎಂಬ ಎರಡೇ ವಿಷಯ ಚಿತ್ರಕಾರನ ಕೈಯಲ್ಲಿರುವುದು. ಇದಕ್ಕೆ ಬೇಕಾದ ಸಲಕರಣೆ ಬಹಳ ಕಡಿಮೆ. ಆ ನಾಲ್ಕಾರು ಸಲಕರಣೆಗಳು ಕೈಗೆ ಪೂರ್ತಿ ಪಳಗಿರಬೇಕು, ಅಷ್ಟೆ.

ಹೊಸಬರು ಎಡವುವುದು ಇಲ್ಲೇ. ಹತ್ತು ಬಗೆಯ ಪೆನ್ನು ಕೊಂಡು ವಾರಕ್ಕೊಂದು ಬದಲಿಸುತ್ತಾರೆ. ಪ್ರತಿ ನಿಬ್ಬಿಗೂ ಅದರದೇ ಬಿಗಿ, ಪ್ರತಿ ಕಾಗದಕ್ಕೂ ಅದರದೇ ಒರಟು ಇರುತ್ತದೆ. ಎರಡೂ ದಿನಾ ಬದಲಾಗುತ್ತಿದ್ದರೆ ಎಷ್ಟು ಒತ್ತಿದರೆ ಎಷ್ಟು ದಪ್ಪ ಬರುತ್ತದೆ ಎಂಬ ಲೆಕ್ಕ ಕೈಗೆ ಕೂರುವುದೇ ಇಲ್ಲ. ಆದ್ದರಿಂದ ಮೊದಲ 3 ತಿಂಗಳು ಒಂದೇ ನಿಬ್ಬು, ಒಂದೇ ಮಸಿ, ಒಂದೇ ಬಗೆಯ ಕಾಗದ ಇಟ್ಟುಕೊಳ್ಳಿ. ಇದರಲ್ಲಿ ಮಾತ್ರ ರಾಜಿ ಬೇಡ.

ಕೊಳ್ಳಬೇಕಾದದ್ದು

ನಿಬ್ಬು: ಹಿಡಿಗೆ ಸಿಕ್ಕಿಸಿ, ಮಸಿಗೆ ಅದ್ದಿ ಬರೆಯುವ ಲೋಹದ ತುದಿ ಇದು. ಕಲಿಯಲು ಜಪಾನಿನ ಜಿ ನಿಬ್ಬು (ನಿಕ್ಕೋ ಅಥವಾ ಜೀಬ್ರಾ ಕಂಪನಿಯದು) ಒಳ್ಳೆಯದು. ಸ್ವಲ್ಪ ಗಟ್ಟಿಯಾಗಿರುವುದರಿಂದ ಕೈ ನಡುಗಿದರೂ ಗೆರೆ ಕೆಡುವುದು ಕಡಿಮೆ. ಒತ್ತಿದಾಗ ಮಾತ್ರ ಅದರ ಸೀಳು ಬಾಯಿ ಬಿಟ್ಟು ಗೆರೆ ದಪ್ಪವಾಗುತ್ತದೆ. ಗಿಲಟ್ 303, 290 ಬಹಳ ನಾಜೂಕು. ಕೂದಲೆಳೆಯಷ್ಟು ಸಣ್ಣ ಗೆರೆ ಬರುತ್ತದೆ, ಆದರೆ ಕೈ ಹದವಾಗದವರ ಬಳಿ ಅದು ಕಾಗದವನ್ನು ಗೀರುತ್ತದೆ. ಆರು ತಿಂಗಳ ನಂತರ ಅವುಗಳ ಕಡೆ ಹೋಗಿ. ಹಂಟ್ 102 ಕೊಳ್ಳುವುದಾದರೆ ಅದರ ಬುಡ ಕೊಳವೆಯಂತಿರುವುದರಿಂದ ಬೇರೆ ಸಣ್ಣ ಹಿಡಿಯೇ ಬೇಕಾಗುತ್ತದೆ. ಒಮ್ಮೆಗೆ 3–4 ನಿಬ್ಬು ತನ್ನಿ, ಏಕೆಂದರೆ ನಿಬ್ಬು ಸವೆಯುವ ವಸ್ತು. ಸಣ್ಣ ಗೆರೆ ಎಳೆಯಲು ಹೋದಾಗಲೂ ದಪ್ಪಗೇ ಬರತೊಡಗಿದರೆ ಅದರ ಆಯಸ್ಸು ಮುಗಿದಂತೆ.

ಮಸಿ: ವಾಟರ್‌ಪ್ರೂಫ್ ಎಂದು ಬರೆದಿರುವ ಕಪ್ಪು ಡ್ರಾಯಿಂಗ್ ಇಂಕ್, ಅಂದರೆ ಇಂಡಿಯನ್ ಇಂಕ್. ಇದರ ಕಪ್ಪು ಬರುವುದು ನುಣ್ಣನೆಯ ಇಂಗಾಲದ ಪುಡಿಯಿಂದ. ಅದನ್ನು ಕಾಗದಕ್ಕೆ ಹಿಡಿಸಲು ಸಾಮಾನ್ಯವಾಗಿ ಅರಗು ಸೇರಿಸಿರುತ್ತಾರೆ. ಅರಗು ಒಣಗಿದ ಮೇಲೆ ನೀರಿಗೆ ಬಿಡುವುದಿಲ್ಲ, ಹಾಗಾಗಿ ಗೆರೆಯ ಮೇಲೆ ಜಲವರ್ಣ ಹಚ್ಚಬಹುದು. ಇದೇ ಕಾರಣಕ್ಕೆ ಈ ಮಸಿಯನ್ನು ಫೌಂಟನ್ ಪೆನ್ನಿಗೆ ಯಾವತ್ತೂ ತುಂಬಬೇಡಿ, ನಿಬ್ಬಿಗೆ ಮಸಿ ಹರಿಸುವ ನಾಲಗೆಯಲ್ಲಿ ಒಣಗಿ ಪೆನ್ನೇ ಹಾಳಾಗುತ್ತದೆ. ಫೌಂಟನ್ ಪೆನ್ನಿನ ಇಂಕನ್ನು ನಿಬ್ಬಿಗೆ ಅದ್ದಿ ಬರೆಯಬಹುದೇ? ಬರೆಯಬಹುದು. ಆದರೆ ಅದು ತೆಳು. ನಿಬ್ಬಿನ ಮೇಲೆ ನಿಲ್ಲದೆ ತೊಟ್ಟಿಕ್ಕುತ್ತದೆ, ಅಚ್ಚಿಗೆ ಬೇಕಾದಷ್ಟು ಕಪ್ಪೂ ಬರುವುದಿಲ್ಲ.

ಕಾಗದ: ನುಣುಪಾದ ಮೇಲ್ಮೈ, 200 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಮೇಲ್ಪಟ್ಟ ದಪ್ಪ. ಬ್ರಿಸ್ಟಲ್ ಶೀಟ್ ಅತ್ಯುತ್ತಮ. ಅದು ಸಿಗದಿದ್ದರೆ ನುಣುಪಾದ ಐವರಿ ಕಾರ್ಡ್ ನಡೆಯುತ್ತದೆ. ಕೈಕಾಗದ, ಒರಟು ಜಲವರ್ಣದ ಕಾಗದ ಬೇಡ. ನಿಬ್ಬಿನ ತುದಿ ನಾರಿಗೆ ಸಿಕ್ಕಿಕೊಂಡು ಮಸಿ ಸಿಡಿಯುತ್ತದೆ. 22×30 ಇಂಚಿನ ದೊಡ್ಡ ಹಾಳೆ ತಂದು ಅಗಲವನ್ನು ಎರಡಾಗಿ, ಉದ್ದವನ್ನು ನಾಲ್ಕಾಗಿ ಕತ್ತರಿಸಿದರೆ 11×7.5 ಇಂಚಿನ 8 ತುಂಡು ಬರುತ್ತವೆ. ಬೈಂಡ್ ಮಾಡಿದ ಪುಸ್ತಕಕ್ಕಿಂತ ಇದು ಅಗ್ಗ, ಅಭ್ಯಾಸಕ್ಕೆ ಅಳತೆಯೂ ಸರಿ. ಇನ್ನೂ ಒಂದು ಮಾತು: ಅಭ್ಯಾಸಕ್ಕೆ ಜೆರಾಕ್ಸ್ ಕಾಗದ, ಒಳ್ಳೆಯ ಚಿತ್ರಕ್ಕೆ ಬ್ರಿಸ್ಟಲ್ ಎಂದು ಭಾಗ ಮಾಡಬೇಡಿ. ಸಾಧಾರಣ 75 ಜಿಎಸ್‌ಎಂ ಕಾಗದದಲ್ಲಿ ಗೆರೆ ಹರಡುತ್ತದೆ, ಆ ಹರಡುವಿಕೆಗೆ ಕೈ ಹೊಂದಿಕೊಂಡುಬಿಡುತ್ತದೆ.

ಉಳಿದದ್ದು ಮನೆಯಲ್ಲೇ ಇರುತ್ತದೆ: ಎಚ್‌ಬಿ ಪೆನ್ಸಿಲ್, ಬಿಳಿ ವಿನೈಲ್ ರಬ್ಬರ್, ಹಿಟ್ಟಿನ ಹಾಗೆ ನಾದಿಕೊಳ್ಳುವ ಬೂದು ರಬ್ಬರ್, ಬಿಳಿ ಪೋಸ್ಟರ್ ಕಲರ್, ಹಳೆಯ ಪಂಚೆಯ ಚೂರು. ನಿಬ್ಬು ಒರೆಸಲು ಟಿಶ್ಯೂ ಬಳಸಬೇಡಿ. ಅದರ ಎಳೆ ನಿಬ್ಬಿನ ಸೀಳಿನಲ್ಲಿ ಸಿಕ್ಕಿಕೊಂಡು ಮುಂದಿನ ಗೆರೆಯ ಪಕ್ಕ ಇನ್ನೊಂದು ಗೆರೆ ಎಳೆಯುತ್ತದೆ. ದೊಡ್ಡ ಕಪ್ಪು ಜಾಗ ತುಂಬಲು 2 ಅಥವಾ 3ನೇ ನಂಬರಿನ ದುಂಡು ಬ್ರಷ್ ಒಂದಿರಲಿ. ಅಂಗಡಿಯಲ್ಲೇ ನೀರಿಗೆ ಅದ್ದಿ ಒಮ್ಮೆ ಝಾಡಿಸಿ ನೋಡಿ. ಕೂದಲು ತಾನಾಗಿ ಒಂದೇ ತುದಿಗೆ ಸೇರಬೇಕು. ಮಸಿಯನ್ನು ಕೂದಲಿನ ಅರ್ಧದವರೆಗೆ ಮಾತ್ರ ತಾಗಿಸಿ. ಲೋಹದ ಕಟ್ಟಿನೊಳಗೆ ಅರಗು ಒಣಗಿದರೆ ಕೂದಲು ಪೊರಕೆಯ ಹಾಗೆ ಬಿಚ್ಚಿಕೊಳ್ಳುತ್ತದೆ, ಮತ್ತೆ ಸೇರುವುದಿಲ್ಲ.

ಹೊಸ ನಿಬ್ಬನ್ನು ಹದಗೊಳಿಸುವುದು

ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯಲ್ಲಿ ನಿಬ್ಬಿಗೆ ಎಣ್ಣೆ ಅಥವಾ ಮೆರುಗಿನ ಲೇಪ ಕೊಟ್ಟಿರುತ್ತಾರೆ. ಅದನ್ನು ತೆಗೆಯದೆ ಅದ್ದಿದರೆ ಕೆಸುವಿನ ಎಲೆಯ ಮೇಲೆ ನೀರು ಹನಿಗಟ್ಟುವಂತೆ ಮಸಿ ಉಂಡೆಯಾಗಿ ನಿಲ್ಲುತ್ತದೆ, ಮೊದಲ ಗೆರೆಯಲ್ಲೇ ಧೊಪ್ಪನೆ ಬೀಳುತ್ತದೆ. "ಈ ನಿಬ್ಬು ಸರಿಯಿಲ್ಲ" ಎಂದು ಬಿಸಾಡುವವರಲ್ಲಿ ಹೆಚ್ಚಿನವರು ಈ ಕೆಲಸ ಮಾಡಿರುವುದಿಲ್ಲ.

ಹಲ್ಲುಜ್ಜುವ ಪೇಸ್ಟನ್ನು ಕಡಲೆಕಾಳಿನಷ್ಟು ತೆಗೆದುಕೊಂಡು ನಿಬ್ಬಿನ ಎರಡೂ ಬದಿಗೆ ಬೆರಳಿನಿಂದ ಅರ್ಧ ನಿಮಿಷ ಉಜ್ಜಿ, ತೊಳೆದು, ಒರೆಸಿ. ಉಜ್ಜುವಾಗ ಬುಡದಿಂದ ತುದಿಯ ಕಡೆಗೇ ಹೋಗಬೇಕು. ಎದುರು ಉಜ್ಜಿದರೆ ತುದಿ ಬಾಗುತ್ತದೆ, ಬೆರಳಿಗೂ ಚುಚ್ಚುತ್ತದೆ. ಹಸಿ ಆಲೂಗಡ್ಡೆಗೆ ನಿಬ್ಬನ್ನು ಚುಚ್ಚಿ ಒಂದೆರಡು ನಿಮಿಷ ಬಿಟ್ಟು ತೆಗೆದರೂ ಆಗುತ್ತದೆ. ಬೆಂಕಿಕಡ್ಡಿಯ ಜ್ವಾಲೆಗೆ ಹಿಡಿಯುವ ರೂಢಿಯೂ ಇದೆ, ಅದು ಬೇಡ. ಒಂದು ಕ್ಷಣ ಹೆಚ್ಚಾದರೆ ಉಕ್ಕಿನ ಹದ ಹೋಗಿ ಸ್ಪ್ರಿಂಗ್ ಗುಣವೇ ಸಾಯುತ್ತದೆ. ಲೇಪ ಹೋಗಿದೆಯೋ ಇಲ್ಲವೋ ತಿಳಿಯಲು ನಿಬ್ಬನ್ನು ಮಸಿಗೆ ಅದ್ದಿ ಎತ್ತಿ: ಮಸಿ ಹನಿಗಟ್ಟದೆ ತೆಳ್ಳನೆಯ ಪರದೆಯ ಹಾಗೆ ಹರಡಿದ್ದರೆ ಸರಿಯಾಗಿದೆ.

ಅದ್ದುವುದು, ಎಳೆಯುವುದು

ದೊಡ್ಡ ಬಾಟಲಿಗೆ ನೇರ ಅದ್ದಬೇಡಿ. 10–15 ಮಿಲಿ ಮಸಿಯನ್ನು ಅಗಲ ಬಾಯಿಯ ಪುಟ್ಟ ಬಾಟಲಿಗೆ ಹಾಕಿ, ಅದನ್ನು ಒಂದು ಸ್ಟೀಲ್ ಬಟ್ಟಲಿನೊಳಗೆ ಇಡಿ. ಬಾಟಲಿ ಮಗುಚುವುದು ಇಂದಲ್ಲ ನಾಳೆ ಆಗಿಯೇ ಆಗುತ್ತದೆ. ಆಗ ಮಸಿ ಬಟ್ಟಲಲ್ಲೇ ನಿಲ್ಲುತ್ತದೆ.

ನಿಬ್ಬಿನ ನಡುವೆ ಒಂದು ಸಣ್ಣ ರಂಧ್ರವಿದೆ. ಮಸಿ ಆ ರಂಧ್ರ ಮುಚ್ಚುವಷ್ಟು ಮಾತ್ರ ಬರಬೇಕು, ಹಿಡಿಯವರೆಗೆ ಮುಳುಗಬಾರದು. ಮೇಲೆತ್ತಿ ನಿಬ್ಬಿನ ಹಿಂಬದಿಯನ್ನು ಬಾಟಲಿಯ ಅಂಚಿಗೆ ಒಮ್ಮೆ ಮೆಲ್ಲಗೆ ತಾಗಿಸಿ. ಪಕ್ಕದ ಚೂರು ಕಾಗದದ ಮೇಲೆ 1 ಸೆಂ.ಮೀ. ಗೆರೆ ಎಳೆದು ನೋಡಿ, ಆಮೇಲೆ ಚಿತ್ರಕ್ಕೆ ಹೋಗಿ. ಪ್ರತಿ ಸಲ ಅದ್ದಿದಾಗಲೂ ಹೀಗೇ. ಎರಡು ಸೆಕೆಂಡಿನ ಈ ಕೆಲಸ ಮರೆತ ದಿನವೇ ಮುಗಿಯುತ್ತ ಬಂದ ಚಿತ್ರದ ಮುಖದ ಮೇಲೆ ಹನಿ ಬೀಳುವುದು.

ನಿಬ್ಬನ್ನು ಯಾವಾಗಲೂ ನಿಮ್ಮ ಕಡೆಗೆ ಎಳೆಯಬೇಕು, ಮುಂದಕ್ಕೆ ದೂಡಬಾರದು. ಎಳೆಯುವಾಗ ಸೀಳಿನ ಆಚೀಚೆಯ ಎರಡು ಕವಲು ಕಾಗದದ ಮೇಲೆ ಜಾರುತ್ತವೆ. ದೂಡಿದರೆ ಅವೇ ಕಾಗದವನ್ನು ಅಗೆಯುತ್ತವೆ. ಕೈ ತಿರುಗಿಸುವ ಬದಲು ಕಾಗದವನ್ನು ತಿರುಗಿಸಿ. ಅದಕ್ಕೇ ಹಾಳೆಯನ್ನು ಹಲಗೆಗೆ ಅಂಟಿಸದೆ ಬಿಡುವುದು ಒಳ್ಳೆಯದು. ಹಲಗೆಯ ಓರೆ 15–20 ಡಿಗ್ರಿ ಸಾಕು. ಹೆಚ್ಚು ಓರೆಯಾದರೆ ಮಸಿ ತುದಿಗೆ ಸರಿಯಾಗಿ ಇಳಿಯುವುದಿಲ್ಲ. ಬಲಗೈಯವರಿಗೆ ಬೆಳಕು ಎಡದಿಂದ, ಎಡಗೈಯವರಿಗೆ ಬಲದಿಂದ ಬರಲಿ. ಎಡಗೈಯವರು ಚಿತ್ರದ ಬಲ ಅಂಚಿನಿಂದ ಶುರುಮಾಡಿದರೆ ಹಸಿ ಗೆರೆ ಅಂಗೈಗೆ ಮೆತ್ತುವುದಿಲ್ಲ.

ಕೆಡುವ ಬಗೆಗಳು ಬೆರಳೆಣಿಕೆಯವು. ಒಂದು ದಪ್ಪ ಗೆರೆಯ ಬದಲು ರೈಲು ಹಳಿಯ ಹಾಗೆ ಎರಡು ಸಣ್ಣ ಗೆರೆ ಬಂದರೆ ಮಸಿ ಮುಗಿದಿದೆ, ಇಲ್ಲವೇ ನೀವು ಬೇಗ ಎಳೆಯುತ್ತ ಹೆಚ್ಚು ಒತ್ತಿದ್ದೀರಿ. ಕವಲುಗಳ ನಡುವಿನ ಮಸಿಯ ಪರದೆ ಹರಿದಿದೆ. ಗೆರೆಯ ಅಂಚಿನಲ್ಲಿ ಬೇರಿನ ಹಾಗೆ ಕೂದಲು ಎದ್ದರೆ ತಪ್ಪು ಕಾಗದದ್ದು. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದಲ್ಲಿ ಒಳ್ಳೆಯ ಕಾಗದವೂ ಥಂಡಿ ಹಿಡಿದು ಹೀಗೆ ಮಾಡುತ್ತದೆ. ಹಾಳೆಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿಡಿ, ಬೇಕಾದಷ್ಟೇ ಹೊರತೆಗೆಯಿರಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ತೊಂದರೆ ಇದಕ್ಕೆ ತದ್ವಿರುದ್ಧ: ಮಸಿ ನಿಬ್ಬಿನ ಮೇಲೇ ಒಣಗುತ್ತದೆ. ತಲೆಯ ಮೇಲಿನ ಫ್ಯಾನ್ ಆರಿಸಿ ಅಥವಾ ಗಾಳಿ ನೇರ ಬೀಸದ ಕಡೆ ಕೂತುಕೊಳ್ಳಿ. ಎರಡು ಮೂರು ನಿಮಿಷಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಪುಟ್ಟ ಬಾಟಲಿಯ ಮಸಿ ಗಟ್ಟಿಯಾದರೆ ಡಿಸ್ಟಿಲ್ಡ್ ವಾಟರ್ 2–3 ಹನಿ ಸೇರಿಸಿ, ಅದಕ್ಕಿಂತ ಹೆಚ್ಚಾದರೆ ಕಪ್ಪು ಸಪ್ಪೆಯಾಗುತ್ತದೆ. ಕೆಲಸ ಮುಗಿದ ಮೇಲೆ ನಿಬ್ಬನ್ನು ಹಿಡಿಯಿಂದ ಕಳಚಿ, ತೊಳೆದು, ಪೂರ್ತಿ ಒಣಗಿಸಿ ಇಡಿ. ಹಿಡಿಯಲ್ಲೇ ಬಿಟ್ಟರೆ ಒಳಗೆ ಉಳಿದ ನೀರಿನಿಂದ ತುಕ್ಕು ಹಿಡಿಯುತ್ತದೆ.

ದಿನಕ್ಕೆ 40 ನಿಮಿಷ

ಭಾನುವಾರ ನಾಲ್ಕು ಗಂಟೆ ಕೂರುವುದಕ್ಕಿಂತ ದಿನಾ 40 ನಿಮಿಷ ಕೂರುವುದು ಹೆಚ್ಚು ಫಲ ಕೊಡುತ್ತದೆ. ಒತ್ತಡದ ಹದ ಬೆರಳಿಗೆ ನೆನಪಿರಬೇಕು. ವಾರದ ಬಿಡುವಿನಲ್ಲಿ ಅದು ಮಾಸುತ್ತದೆ, ಮೂರನೇ ಗಂಟೆಯ ದಣಿದ ಕೈಯಂತೂ ತಪ್ಪು ಗೆರೆಯನ್ನೇ ರೂಢಿ ಮಾಡಿಕೊಳ್ಳುತ್ತದೆ. ಹೆಬ್ಬೆರಳಿನ ಬುಡ ನೋಯುತ್ತಿದ್ದರೆ ಹಿಡಿತ ಬಿಗಿಯಾಗಿದೆ ಎಂದರ್ಥ. ಇನ್ನೊಬ್ಬರು ಹಿಡಿಯನ್ನು ಮೆಲ್ಲಗೆ ಎಳೆದರೆ ಜಾರಿ ಬರುವಷ್ಟು ಸಡಿಲ ಸಾಕು.

ಮೊದಲ 10 ನಿಮಿಷ ಬರೀ ಗೆರೆ. ಪೆನ್ಸಿಲಿನಿಂದ 5 ಸೆಂ.ಮೀ. ಅಂತರದಲ್ಲಿ ಎರಡು ಅಡ್ಡಗೆರೆ ಹಾಕಿ. ಅವುಗಳ ನಡುವೆ ಮೇಲಿನಿಂದ ಕೆಳಕ್ಕೆ ನಿಬ್ಬನ್ನು ಎಳೆಯಿರಿ: ಸಣ್ಣಗೆ ಶುರು, ನಡುವೆ ಒತ್ತಿ ದಪ್ಪ, ಕೊನೆಗೆ ಮತ್ತೆ ಸಣ್ಣ. ಮೊದಮೊದಲು ದಪ್ಪ ಒಮ್ಮೆಲೇ ಬರುತ್ತದೆ, ಹಾವು ಇಲಿ ನುಂಗಿದ ಹಾಗೆ. ಒತ್ತಡ ಏರುವುದೂ ಇಳಿಯುವುದೂ ನಿಧಾನವಾಗಬೇಕು, ಗೆರೆಯ ಹೊಟ್ಟೆ ಎಲ್ಲದರಲ್ಲೂ ಒಂದೇ ಎತ್ತರದಲ್ಲಿ ಬರಬೇಕು. ಸಾಲಿಗೆ 20 ಗೆರೆ, 3 ಸಾಲು. ಉದ್ದ ಬಾಗುಗೆರೆಯ ಅಭ್ಯಾಸಕ್ಕೆ ನಿಬ್ಬನ್ನು ಕಾಗದಕ್ಕೆ ತಾಗಿಸದೆ ಗಾಳಿಯಲ್ಲಿ ಎರಡು ಸಲ ಅದೇ ದಾರಿಯಲ್ಲಿ ಆಡಿಸಿ, ಮೂರನೆಯ ಸಲ ಇಳಿಸಿ. 2–3 ಸೆಂ.ಮೀ. ಗೆರೆಗೆ ಮಣಿಕಟ್ಟು ಸಾಕು; 10 ಸೆಂ.ಮೀ. ದಾಟಿದರೆ ಚಲನೆ ಭುಜದಿಂದ ಬರಬೇಕು. ಉದ್ದ ಗೆರೆಯನ್ನು ಬೆರಳಿನಿಂದ ಎಳೆಯಲು ಹೋದರೆ ಅದು ತುಂಡು ತುಂಡಾಗಿ, ರೋಮ ಎದ್ದಂತೆ ಕಾಣುತ್ತದೆ.

ಮುಂದಿನ 10 ನಿಮಿಷ ಹ್ಯಾಚಿಂಗ್, ಅಂದರೆ ಸಾಲುಸಾಲು ಗೆರೆಗಳಿಂದ ನೆರಳು ತುಂಬುವುದು. 2.5 ಸೆಂ.ಮೀ. ಅಳತೆಯ ಐದು ಚೌಕ ಹಾಕಿಕೊಳ್ಳಿ. ಮೊದಲನೆಯದರಲ್ಲಿ 2 ಮಿ.ಮೀ. ಅಂತರದ ಓರೆಗೆರೆ, ಎರಡನೆಯದರಲ್ಲಿ 1 ಮಿ.ಮೀ. ಅಂತರ. ಮೂರನೆಯದರಲ್ಲಿ ಅದರ ಮೇಲೆ ಇನ್ನೊಂದು ಪದರ, ನಾಲ್ಕನೆಯದರಲ್ಲಿ ಮೂರು ಪದರ, ಐದನೆಯದು ಪೂರ್ತಿ ಕಪ್ಪು. ಕಣ್ಣು ಕಿರಿದು ಮಾಡಿ ನೋಡಿದಾಗ ಐದೂ ಮೆಟ್ಟಿಲಿನ ಹಾಗೆ ಸಮನಾಗಿ ಕಪ್ಪಾಗುತ್ತ ಹೋಗಬೇಕು. ಎರಡನೇ ಪದರವನ್ನು ಮೊದಲಿನದಕ್ಕೆ ನೇರ ಅಡ್ಡ ಹಾಕಬೇಡಿ, ಕಿಟಕಿಯ ಜಾಲರಿಯಂತೆ ಕಣ್ಣಿಗೆ ಹೊಡೆಯುತ್ತದೆ. 20–30 ಡಿಗ್ರಿ ಮಾತ್ರ ತಿರುಗಿಸಿದರೆ ಸಣ್ಣ ಸಣ್ಣ ವಜ್ರಾಕಾರದ ಬಿಳಿ ಉಳಿದು ನೆರಳಿಗೆ ಉಸಿರಾಡಲು ಜಾಗ ಸಿಗುತ್ತದೆ. ಕೆಳಗಿನ ಪದರ ಒಣಗುವವರೆಗೆ ಕಾಯಿರಿ. ಹಸಿಯ ಮೇಲೆ ಎಳೆದರೆ ಗೆರೆ ಕೂಡುವ ಪ್ರತಿ ಜಾಗದಲ್ಲೂ ಮಸಿ ಗುಡ್ಡೆಯಾಗುತ್ತದೆ.

ಉಳಿದ 20 ನಿಮಿಷ ಕಣ್ಣೆದುರಿನ ವಸ್ತು. ಹಿತ್ತಾಳೆ ಚೊಂಬಿಗಿಂತ ಒಳ್ಳೆಯ ಗುರು ಸಿಗುವುದು ಕಷ್ಟ. ಅದರ ಬಾಯಿ ಒಂದು ಅಂಡಾಕಾರ; ಕಣ್ಣಿನ ಮಟ್ಟಕ್ಕಿಂತ ಕೆಳಗಿಳಿದಷ್ಟೂ ಅಂಡಾಕಾರ ಅಗಲವಾಗುತ್ತದೆ, ಹಾಗಾಗಿ ಬುಡದ ಬಾಗು ಬಾಯಿಯ ಬಾಗಿಗಿಂತ ಹೆಚ್ಚು ದುಂಡಗಿರಬೇಕು. ಬುಡವನ್ನು ನೇರ ಗೆರೆಯಲ್ಲಿ ಮುಗಿಸಿದ ಚೊಂಬು ಗಾಳಿಯಲ್ಲಿ ತೇಲುತ್ತದೆ. ನೆರಳಿನ ಗೆರೆಗಳು ಹೊಟ್ಟೆಯ ಉಬ್ಬನ್ನು ಸುತ್ತಿ ಹೋಗಬೇಕು. ಲೋಹದ ಹೊಳಪಿನ ಗುಟ್ಟು ಇಷ್ಟು: ಅತಿ ಬಿಳಿ ಜಾಗದ ಮಗ್ಗುಲಲ್ಲೇ ಅತಿ ಕಪ್ಪು ಇರುತ್ತದೆ, ನಡುವೆ ಮೆಲ್ಲನೆಯ ಇಳಿಕೆ ಇರುವುದಿಲ್ಲ. ಅದೇ ಅಳತೆಯ ಮಣ್ಣಿನ ಮಡಕೆ ಪಕ್ಕದಲ್ಲಿಟ್ಟು ಬರೆಯಿರಿ. ಅಲ್ಲಿ ಬೆಳಕು ಸಾವಧಾನವಾಗಿ ನೆರಳಿಗೆ ಇಳಿಯುತ್ತದೆ. ಈ ಎರಡನ್ನು ಬರೀ ಗೆರೆಯಲ್ಲಿ ಬೇರೆ ಮಾಡಿ ತೋರಿಸಲು ಬಂದ ದಿನ ಹ್ಯಾಚಿಂಗ್ ಕೈಗೆ ಬಂದಂತೆ.

ಮನುಷ್ಯರನ್ನು ಬರೆಯುವುದಕ್ಕೆ ಬಸ್ ನಿಲ್ದಾಣ, ಸಂತೆ ಒಳ್ಳೆಯ ಜಾಗ. ಅಲ್ಲಿ ನಿಬ್ಬು ಬೇಡ, 0.45 ಮಿ.ಮೀ. ಗೆರೆಯ 05 ನಂಬರಿನ ಮೈಕ್ರಾನ್ ಪೆನ್ನು (ಅದ್ದುವ ಗೋಜಿಲ್ಲದ ಡ್ರಾಯಿಂಗ್ ಪೆನ್ನು) ಸಾಕು. ಪೆನ್ಸಿಲ್ ಒಯ್ಯದಿದ್ದರೆ ಒಳ್ಳೆಯದು, ಅಳಿಸುವ ಆಸೆ ಇರುವುದಿಲ್ಲ. ಒಬ್ಬರಿಗೆ ಒಂದು ನಿಮಿಷ: ಮೊದಲು ತಲೆ, ಬೆನ್ನಿನ ಬಾಗು, ಭಾರ ಯಾವ ಕಾಲಿನ ಮೇಲಿದೆ ಎಂಬಷ್ಟು. ವಿದೇಶಿ ಚಿತ್ರಕಲಾ ಪುಸ್ತಕಗಳಲ್ಲಿ ಸಿಗದ ಭಂಗಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಕುಕ್ಕರಗಾಲಲ್ಲಿ ಕೂತವರನ್ನೇ ನೋಡಿ. ಹಿಮ್ಮಡಿ ನೆಲಕ್ಕೆ ಅಂಟಿರುತ್ತದೆ, ಪೃಷ್ಠ ಹಿಮ್ಮಡಿಯ ತುಸು ಮೇಲೆ ನಿಲ್ಲುತ್ತದೆ, ಮಂಡಿ ಕಂಕುಳಿನವರೆಗೆ ಬರುತ್ತದೆ, ತೋಳು ಮಂಡಿಯ ಮೇಲೆ ಇಳಿಬಿದ್ದಿರುತ್ತದೆ. ಹಿಮ್ಮಡಿ ಎತ್ತಿ ಬರೆದರೆ ಆ ಮನುಷ್ಯ ಈಗ ಓಡಲಿದ್ದಾನೆ ಅನ್ನಿಸುತ್ತದೆ. ಪಂಚೆಯ ಬಟ್ಟೆ ಜಗ್ಗುವುದು ಎರಡೇ ಕಡೆ, ಮಂಡಿಯ ತುದಿಯಲ್ಲಿ ಮತ್ತು ಸೊಂಟದ ಗಂಟಿನಲ್ಲಿ. ನೆರಿಗೆಗಳೆಲ್ಲ ಅಲ್ಲಿಂದ ಹೊರಡುತ್ತವೆ: ಹೊರಡುವಲ್ಲಿ ಗೆರೆ ಒತ್ತೊತ್ತಾಗಿ ದಪ್ಪ, ಮುಂದೆ ಹೋದಂತೆ ಸಣ್ಣಗಾಗಿ ಮಾಯ. ಎರಡು ಮಂಡಿಗಳ ನಡುವೆ ಬಟ್ಟೆ ತೊಟ್ಟಿಲಿನ ಹಾಗೆ ಜೋತಿರುತ್ತದೆ. ಇಷ್ಟು ಗೊತ್ತಿದ್ದರೆ ಆರು ಗೆರೆಯಲ್ಲಿ ಪಂಚೆ ಮುಗಿಯುತ್ತದೆ. ಗೊತ್ತಿಲ್ಲದಿದ್ದರೆ ಅರವತ್ತು ಗೆರೆ ಹಾಕಿದರೂ ಸುಕ್ಕಾದ ಚೀಲವೇ.

ಒಂದೇ ವಿಷಯವನ್ನು ಮತ್ತೆ ಮತ್ತೆ ಬರೆಯಲು ಬೇಸರಿಸಬೇಡಿ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಆರ್. ಕೆ. ಲಕ್ಷ್ಮಣ್ (1921–2015) ಬಾಲ್ಯದಲ್ಲಿ ಮೆಚ್ಚಿದ ಕಾಗೆಯನ್ನು ಬದುಕಿನುದ್ದಕ್ಕೂ ಬರೆದರು. ಕಾಗೆ ಎಲ್ಲರ ಅಂಗಳಕ್ಕೂ ಬರುತ್ತದೆ, ಪೂರ್ತಿ ಕಪ್ಪಾದ್ದರಿಂದ ಗರಿ ಎಣಿಸುವ ಗೋಜಿಲ್ಲ, ಕತ್ತಿನ ಓರೆಯಲ್ಲೇ ಅದರ ಅನುಮಾನವೆಲ್ಲ ಕಾಣಬೇಕು. ಬ್ರಷ್ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ವಸ್ತು ಬೇಡ. ಹಳೆಯ ಚಂದಮಾಮ ಸಂಚಿಕೆಗಳು ಸಿಕ್ಕರೆ ಅದರ ಚಿತ್ರಕಾರ ಶಂಕರ್ ಅವರ ರೇಖೆಗಳನ್ನು ಅದೇ ಅಳತೆಯಲ್ಲಿ ನಕಲು ಮಾಡಿ ನೋಡಿ, ಎಲ್ಲಿ ಗೆರೆ ನಿಲ್ಲಿಸಿದ್ದಾರೆ ಎಂಬುದರ ಮೇಲೆ ಕಣ್ಣಿಡಿ. ಇದು ಅಭ್ಯಾಸಕ್ಕೆ ಮಾತ್ರ. ನಕಲನ್ನು ನಿಮ್ಮ ಹೆಸರಿನಲ್ಲಿ ಅಚ್ಚಿಗೆ ಕೊಡುವುದು ಕಳವು.

ಪ್ರತಿ ಹಾಳೆಯ ಮೂಲೆಯಲ್ಲಿ ತಾರೀಖು ಬರೆದು ಇಟ್ಟುಕೊಳ್ಳಿ. ನಿನ್ನೆಯದಕ್ಕೂ ಇಂದಿನದಕ್ಕೂ ವ್ಯತ್ಯಾಸ ಕಾಣದು. ಎರಡು ತಿಂಗಳ ಹಿಂದಿನ ಹಾಳೆ ಪಕ್ಕಕ್ಕಿಟ್ಟರೆ ಕಾಣುತ್ತದೆ.

ಅಚ್ಚಿಗೆ ಕೊಡುವ ಚಿತ್ರ

ಪತ್ರಿಕೆಯಲ್ಲಿ 10×14 ಸೆಂ.ಮೀ. ಜಾಗವಿದ್ದರೆ ಒಂದೂವರೆ ಪಟ್ಟು, ಅಂದರೆ 15×21 ಸೆಂ.ಮೀ. ಬರೆಯಿರಿ. ಕುಗ್ಗಿಸಿದಾಗ ಸಣ್ಣ ನಡುಕಗಳು ಮುಚ್ಚಿಹೋಗುತ್ತವೆ. ಜೊತೆಗೆ ಗೆರೆಯೂ ಕುಗ್ಗುತ್ತದೆ ಎಂಬುದು ನೆನಪಿರಲಿ: 0.3 ಮಿ.ಮೀ. ಗೆರೆ 0.2 ಆಗುತ್ತದೆ. ಸುದ್ದಿಪತ್ರಿಕೆಯ ಕಾಗದ ಮಸಿ ಹೀರುವುದರಿಂದ ಒತ್ತೊತ್ತಾದ ಹ್ಯಾಚಿಂಗ್ ಕೂಡಿಕೊಂಡು ಮುದ್ದೆಯಾಗುತ್ತದೆ. ಆ ಕಾಗದಕ್ಕೆ ಬರೆಯುವಾಗ ಗೆರೆಗಳ ನಡುವೆ ಮುಕ್ಕಾಲು ಮಿ.ಮೀ.ಗಿಂತ ಕಡಿಮೆ ಬಿಳಿ ಬಿಡಬೇಡಿ. ಮುಖಕ್ಕಂತೂ ಗೆರೆ ಕಡಿಮೆಯಿದ್ದಷ್ಟೂ ಒಳ್ಳೆಯದು.

ಕರಡು ಹಾಕುವಾಗ 2ಎಚ್ ಪೆನ್ಸಿಲ್ ಬೇಡ. ಗಟ್ಟಿ ತುದಿ ಕಾಗದದಲ್ಲಿ ಗೀರು ತೋಡುತ್ತದೆ, ಆಮೇಲೆ ನಿಬ್ಬು ಆ ಗೀರಿಗೇ ಬಿದ್ದು ಮಸಿ ತುಂಬಿಸುತ್ತದೆ. 4ಬಿ ಕೂಡ ಬೇಡ. ಅದರ ಜಿಡ್ಡಿನ ಮೇಲೆ ಮಸಿ ಹಿಡಿಯದು. ಎಚ್‌ಬಿಯಲ್ಲಿ ಹಗುರವಾಗಿ ಬರೆದು, ಮಸಿ ಹಾಕುವ ಮೊದಲು ಬೂದು ರಬ್ಬರನ್ನು ಉಂಡೆ ಮಾಡಿ ಹಾಳೆಯ ಮೇಲೆ ಉರುಳಿಸಿದರೆ ಗೆರೆ ಕಂಡೂ ಕಾಣದಷ್ಟು ಉಳಿಯುತ್ತದೆ. ಮಸಿ ಹಾಕುವಾಗ ಮೊದಲು ಕಣ್ಣು, ಮುಖ, ಕೈಬೆರಳು. ತಪ್ಪಾದರೆ ಬೇಗ ಗೊತ್ತಾಗಲಿ, ಹೊಸ ಹಾಳೆ ತೆಗೆದುಕೊಳ್ಳಬಹುದು. ಆಮೇಲೆ ಹೊರಗೆರೆ, ಹ್ಯಾಚಿಂಗ್, ಕೊನೆಗೆ ಬ್ರಷ್ಷಿನ ಕಪ್ಪು. ಪೆನ್ಸಿಲ್ ಅಳಿಸಲು ಒಣ ಹವೆಯಲ್ಲಿ ಅರ್ಧ ಗಂಟೆ, ಮಳೆಗಾಲದಲ್ಲಿ ಮೂರು ಗಂಟೆ ಕಾಯಿರಿ. ರಬ್ಬರ್ ಒಂದಿಷ್ಟು ಕಪ್ಪನ್ನೂ ಎಬ್ಬಿಸುತ್ತದೆ, ಆದ್ದರಿಂದ ದೊಡ್ಡ ಕಪ್ಪುಗಳಿಗೆ ಅಳಿಸಿದ ನಂತರ ಇನ್ನೊಂದು ಕೈ ಕೊಡಬೇಕು.

ತಪ್ಪಿದ ಗೆರೆಗೆ ಬಿಳಿ ಪೋಸ್ಟರ್ ಕಲರ್ ಅನ್ನು ಹಾಲಿನ ಕೆನೆಯ ಹದಕ್ಕೆ ಕಲಸಿ ಎರಡು ತೆಳು ಪದರ ಹಚ್ಚಿ. ಒಂದೇ ದಪ್ಪ ಪದರ ಬಿರುಕು ಬಿಡುತ್ತದೆ. ಅದರ ಮೇಲೆ ಮತ್ತೆ ಗೆರೆ ಬೇಕಾದರೆ ನಿಬ್ಬನ್ನು ಒತ್ತದೆ ಎಳೆಯಿರಿ, ಇಲ್ಲವಾದರೆ ಬಣ್ಣ ಕಿತ್ತು ಸೀಳಿಗೆ ತುಂಬುತ್ತದೆ. ಸ್ಕ್ಯಾನ್ ಮಾಡುವಾಗ 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಎಂಬ ಲೆಕ್ಕ), ಗ್ರೇಸ್ಕೇಲ್ (ಬೂದು ಛಾಯೆಗಳೂ ದಾಖಲಾಗುವ ಬಗೆ) ಇರಲಿ. ಬರೀ ಕಪ್ಪುಬಿಳುಪಿನ ಬಿಟ್‌ಮ್ಯಾಪ್ ಕೇಳಿದರೆ 1200. ಟಿಫ್ ಅಥವಾ ಪಿಎನ್‌ಜಿಯಾಗಿ ಉಳಿಸಿ. ಜೆಪೆಗ್ ಮಾಡಿದರೆ ಗೆರೆಯ ಅಂಚಿನ ಸುತ್ತ ಬೂದು ಧೂಳು ಏಳುತ್ತದೆ, ಅಚ್ಚಿನಲ್ಲಿ ಅದು ಕೊಳೆಯಾಗಿ ಕಾಣುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸುವುದಂತೂ ಬೇಡವೇ ಬೇಡ. ಒಂದು ಮೂಲೆ ಬೆಳ್ಳಗೆ, ಇನ್ನೊಂದು ಮೂಲೆ ಮಬ್ಬಾಗಿ, ಇಷ್ಟು ಹೊತ್ತು ಕಾಯ್ದ ಸಣ್ಣ ಗೆರೆಗಳೆಲ್ಲ ಅದರಲ್ಲೇ ಕಳೆದುಹೋಗುತ್ತವೆ.